ಎರಡೂ ಕಣ್ಣು ಬಿಟ್ಟ ಸ್ತಾಮೆನ್

ಗಂಡನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ವೆಲಿಕಾ ತನ್ನ ಮನೆಯ ಗೇಟಿಗೆ ಅಂಟಿಸಿದ್ದ ಮರಣದ ಹಾಳೆಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ನೋಡಿ, ಇದು ಯಾರ ಹಾಳೆ ಎಂದುಕೊಂಡಳು. ಹೆಸರು ಸರಿಯಾಗಿತ್ತು. ಹುಟ್ಟಿದ ಇಸವಿ ಸರಿಯಾಗಿತ್ತು. ಬದುಕಿಡೀ ಈ ಊರಿನ ಬಸ್ಸು ಓಡಿಸಿದವನು ಎಂಬ ಸಾಲೂ ಸರಿಯೇ. ಶಿಲುಬೆಯ ಪಕ್ಕದ ಫೋಟೋದಲ್ಲಿದ್ದ ಗಂಡಸು ಮಾತ್ರ ಬೇರೆ ಯಾರೋ. ಹಣೆಯಲ್ಲಿ ಗೆರೆಯಿಲ್ಲ, ಕೆನ್ನೆಯಲ್ಲಿ ಸುಕ್ಕಿಲ್ಲ, ಎರಡು ಕಣ್ಣೂ ಸಮಸಮವಾಗಿ ತೆರೆದಿವೆ.

ಸ್ತಾಮೆನನಿಗೆ ಎರಡು ಕಣ್ಣೂ ಸಮವಾಗಿ ತೆರೆದದ್ದೇ ಇಲ್ಲ. ಹುಟ್ಟುವಾಗಲೇ ಒಂದು ರೆಪ್ಪೆ ಅರ್ಧಕ್ಕೆ ಇಳಿದುಬಿಟ್ಟಿತ್ತು. ವೆಲಿಕಾ ಹುಡುಗಿಯಾಗಿದ್ದಾಗ ಹಣ್ಣಿನ ಡಬ್ಬಿ ಕಾರ್ಖಾನೆಗೆ ಅವನ ಬಸ್ಸಿನಲ್ಲೇ ಹೋಗುತ್ತಿದ್ದಳು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಆ ಮನುಷ್ಯ ದಿನಾ ತನಗೆ ಕಣ್ಣು ಹೊಡೆಯುತ್ತಾನೆ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ದಿನ ಬಸ್ಸು ತುಂಬ ಜನರಿದ್ದಾಗಲೇ ಮುಂದೆ ಹೋಗಿ, "ನಾಚಿಕೆ ಆಗಲ್ವೇನೋ ನಿಂಗೆ?" ಎಂದು ಗದರಿದ್ದಳು. ಅವನು ತಿರುಗಿ ನೋಡಿ, "ಇದು ಮುಚ್ಕೊಂಡಿರೋದು ತಾಯಿ, ಹೊಡಿಯೋದಲ್ಲ. ಹೊಡೀಬೇಕು ಅಂದ್ರೆ ಇನ್ನೊಂದರಲ್ಲಿ ಹೊಡೀತೀನಿ" ಎಂದಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ಮುಂದಿನ ವರ್ಷ ಮದುವೆಯಾಯಿತು. ಮಕ್ಕಳಾಗಲಿಲ್ಲ. ಆ ರೆಪ್ಪೆ ಬೇರೆ ಯಾರ ಮುಖಕ್ಕೂ ಇಳಿಯಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸ್ತಾಮೆನನ ಹುಟ್ಟುರೆಪ್ಪೆ ಒಂದು ಗುಂಡಿ ಒತ್ತಿದ್ದಕ್ಕೇ ಹೋಗಿತ್ತು.

"ದೋನ್ಕಾ, ಈ ಫೋಟೋ ಎಲ್ಲಿಂದ ತಂದೆ?" ಎಂದು ಅವಳು ನಾದಿನಿಯನ್ನು ಕೇಳಿದಳು. ಸ್ತಾಮೆನನ ತಂಗಿ ದೋನ್ಕಾ ಅಡುಗೆಮನೆಯಲ್ಲಿ, ಬಂದವರಿಗೆ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಕಲೆಸುತ್ತಿದ್ದಳು.

"ನನ್ ಹೊಸ ಫೋನಲ್ಲಿ ತೆಗ್ದಿದ್ದು ಅತ್ತಿಗೆ. ಗೆರ್ಗ್ಯೊವ್ ಹಬ್ಬಕ್ಕೆ ನಮ್ಮನೇಲಿ ಕುರಿ ಕುಯ್ದಿದ್ವಲ್ಲ, ಆವತ್ತು. ಎಷ್ಟು ಚೆನ್ನಾಗ್ ಬಂದಿದೆ ಅಲ್ವಾ?"

"ಅವನ ಕಣ್ಣು ಎಲ್ಲಿ?"

"ಎರಡೂ ಇದೆಯಲ್ಲ!"

"ಅದೇ ಕೇಳ್ತಿರೋದು."

ದೋನ್ಕಾ ಚಮಚ ಕೆಳಗಿಟ್ಟಳು. ಅವಳ ಕಣ್ಣು ಅತ್ತು ಅತ್ತು ಊದಿತ್ತು. "ಶಾಲೇಲಿ ಅಣ್ಣನ್ನ ಅರೆಗಣ್ಣ, ಅರೆಗಣ್ಣ ಅಂತ ಕಲ್ಲು ಹೊಡೀತಿದ್ರು ಅತ್ತಿಗೆ. ನಾನು ಅಳ್ತಾ ಮನೇಗ್ ಬರ್ತಿದ್ದೆ. ಈಗ್ಲಾದ್ರೂ ಊರೋರ ಮುಂದೆ ಎರಡೂ ಕಣ್ಣು ಬಿಟ್ಟು ನಿಂತ್ಕೊಂಡಿದಾನೆ. ಅದ್ರಲ್ಲೇನು ತಪ್ಪು?"

ಕೆಟ್ಟ ಮನಸ್ಸಿನಿಂದ ಮಾಡಿದ ಕೆಲಸವಾದರೆ ಜಗಳವಾಡಿ ಗೆಲ್ಲಬಹುದು, ಪ್ರೀತಿಯಿಂದ ಮಾಡಿದ್ದರ ಎದುರು ಏನು ಮಾಡುವುದು? ವೆಲಿಕಾಗೆ ತುತ್ತು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎಂಬಂತಾಯಿತು. ಹಾಳೆಗಳನ್ನಾದರೋ ಆಗಲೇ ಊರೆಲ್ಲ ಅಂಟಿಸಿಯಾಗಿತ್ತು: ಬಸ್ ನಿಲ್ದಾಣದಲ್ಲಿ, ಬ್ರೆಡ್ಡಿನಂಗಡಿಯ ಗಾಜಿಗೆ, ಚರ್ಚಿನ ಗೇಟಿಗೆ, ಕರೆಂಟು ಕಂಬಗಳಿಗೆ.

ಅಂಟಿಸಿದ ಹಾಳೆಯನ್ನು ಆ ಊರಿನಲ್ಲಿ ಯಾರೂ ಕೈಯಿಂದ ಕೀಳುವುದಿಲ್ಲ. ಮಳೆ ಕೀಳಬೇಕು, ಇಲ್ಲವೇ ಗಾಳಿ. ಕಿತ್ತರೆ ಸತ್ತವನನ್ನು ಬಾಗಿಲಿಂದ ಆಚೆ ದಬ್ಬಿದ ಹಾಗೆ. ಸಾಲ ಕೊಟ್ಟವನು, ಹಳೇ ಹಗೆ, ಯಾರೂ ಆ ಕೆಲಸ ಮಾಡುವುದಿಲ್ಲ. ಹಾಗಿರುವಾಗ ಹೆಂಡತಿ ಮಾಡುತ್ತಾಳೆಯೆ? ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರೂ ಇಲ್ಲದಾಗ ವೆಲಿಕಾ ಹಾಳೆಯ ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿದ್ದಳು. ಎಬ್ಬಿಸಿದವಳೇ ಉಗುಳು ಹಚ್ಚಿ ಮತ್ತೆ ಅಂಟಿಸಿ ಬಂದಳು.

ಆ ವರ್ಷ ಮಳೆಯೂ ಸರಿಯಾಗಿ ಬರಲಿಲ್ಲ. ಹಾಳೆ ಒಂದಿಷ್ಟು ಮಾಸಿತು ಅನ್ನುವಷ್ಟರಲ್ಲಿ ನಲವತ್ತನೇ ದಿನದ ಪ್ರಾರ್ಥನೆ ಬಂತು, ಅದಕ್ಕೆಂದು ಅದೇ ಮುಖದ ಹೊಸ ಹಾಳೆ ಬಂತು. ಅದು ಮಾಸುವಷ್ಟರಲ್ಲಿ ಮೂರು ತಿಂಗಳಿನದು. "ಬೇರೆ ಫೋಟೋ ಹಾಕೋಣ" ಎಂದು ವೆಲಿಕಾ ಪ್ರತಿ ಸಲವೂ ಹೇಳಿದಳು. "ಹಾಕೋಣ, ಕೊಡು" ಎಂದು ದೋನ್ಕಾ ಪ್ರತಿ ಸಲವೂ ಒಪ್ಪಿದಳು. ಕೊಡಲು ಏನಿತ್ತು? ಸ್ತಾಮೆನ್ ಕ್ಯಾಮೆರಾ ಕಂಡರೆ ದೂರ ಓಡುತ್ತಿದ್ದ. ಮದುವೆಯ ಫೋಟೋದಲ್ಲಿ ಸ್ಟುಡಿಯೋದವನು ಅವನನ್ನು ಎರಡೂ ಕಣ್ಣು ನೆಲ ನೋಡುವಂತೆ ನಿಲ್ಲಿಸಿದ್ದ. ಗುರುತಿನ ಚೀಟಿಯದರಲ್ಲಿ ಕಚೇರಿಯವರು ಎರಡೂ ಕಣ್ಣು ಬಿಡಲೇಬೇಕೆಂದು ಹಟ ಹಿಡಿದದ್ದರಿಂದ ಹುಬ್ಬು ಮೇಲೆತ್ತಿಕೊಂಡು ಹಾವು ತುಳಿದವನ ಹಾಗೆ ಕೂತಿದ್ದ.

ಉಳಿದದ್ದು ಒಂದೇ. ವೆಲಿಕಾಳ ಹಳೆಯ ಫೋನಿನಲ್ಲಿತ್ತು ಅದು. ಒಂದು ಶರತ್ಕಾಲದ ಸಂಜೆ ಸ್ತಾಮೆನ್ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತ ಕೂತಿದ್ದ. ಕೈಗೆ ಬಿಸಿ ತಾಗಿ ಏನೋ ಬೈದು, ತನ್ನ ಬೈಗುಳಕ್ಕೆ ತಾನೇ ನಕ್ಕಿದ್ದ. ಅವನಿಗೆ ಗೊತ್ತಾಗದ ಹಾಗೆ ಅವಳು ತೆಗೆದಿದ್ದಳು.

ಆರು ತಿಂಗಳ ಪ್ರಾರ್ಥನೆಗೆ ಮುಂಚೆ ಗೋರಿಯ ಕಲ್ಲಿನ ವಿಷಯ ಬಂತು. ಕಲ್ಲು ಅಂದರೆ ಕಪ್ಪು ಕಲ್ಲು, ಅದರ ಮೇಲೆ ಯಂತ್ರದಿಂದ ಕೆತ್ತಿದ ಮುಖ. ಹಾಳೆಯಾದರೆ ಮಳೆಗೆ ಹೋದೀತು, ಕಲ್ಲು ಎಲ್ಲಿ ಹೋಗುತ್ತದೆ? ವೆಲಿಕಾ ಈ ಸಲ ಟೊಂಕ ಕಟ್ಟಿ ನಿಂತಳು. ದೋನ್ಕಾಳನ್ನು ಕರೆದು ಮೇಜಿನ ಮುಂದೆ ಕೂರಿಸಿ, ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟಳು.

ಹೊಸ ಫೋನಿನ ಚಿತ್ರ ಬೆಳ್ಳಗೆ ಬೆಳಗುತ್ತಿತ್ತು. ಬೆರಳಿನಿಂದ ಹಿಗ್ಗಿಸಿದಷ್ಟೂ ಹಿಗ್ಗುತ್ತಿತ್ತು. ವೈನಿನ ಹೂಜಿಯ ಮೇಲಿನ ನೀರಹನಿ ಕಾಣುತ್ತಿತ್ತು. ತಟ್ಟೆಯಲ್ಲಿದ್ದ ಕುರಿಯ ಎಲುಬಿನ ಮೇಲೆ ಕಾಳುಮೆಣಸಿನ ಚೂರು ಕಾಣುತ್ತಿತ್ತು. ಮೇಜುಬಟ್ಟೆಯ ನೂಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಇಷ್ಟೆಲ್ಲ ಕಂಡ ಆ ಕ್ಯಾಮೆರಾಗೆ ಸ್ತಾಮೆನನ ಮುಖದಲ್ಲಿ ಇದ್ದದ್ದೊಂದೂ ಕಂಡಿರಲಿಲ್ಲ. ಅದು ತನಗೆ ಸರಿಕಂಡ ಮುಖವನ್ನು ತಾನೇ ಮಾಡಿಕೊಂಡಿತ್ತು.

ಹಳೆಯದರಲ್ಲಿ ಹೊಗೆ. ಹೊಗೆಯ ನಡುವೆ ಕಂದು ಚುಕ್ಕೆಗಳ ರಾಶಿ. ಸ್ವಲ್ಪ ಹಿಗ್ಗಿಸಿದರೆ ಸಾಕು, ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ದೂರ ಹಿಡಿದರೆ ಸ್ತಾಮೆನ್ ನಗುತ್ತಿದ್ದ, ಹತ್ತಿರ ತಂದರೆ ಹೊರಟುಹೋಗುತ್ತಿದ್ದ.

"ನಿನ್ ಫೋನಿನ ಕಣ್ಣಿಗೆ ಪೊರೆ ಬಂದಿದೆ ಅತ್ತಿಗೆ," ಎಂದಳು ದೋನ್ಕಾ.

"ಬಂದಿರ್ಲಿ. ನಿಂದು ಕಣ್ಣಿದ್ದೂ ಕುರುಡು. ಆ ಹಬ್ಬದ ಫೋಟೋನ ಮೊದ್ಲು ಹೇಗಿತ್ತೋ ಹಾಗೆ ಮಾಡು ನೋಡೋಣ."

"ಮೊದ್ಲು ಅಂತ ಒಂದಿಲ್ಲ ಅತ್ತಿಗೆ. ಇದು ತೆಗಿಯೋವಾಗ್ಲೇ ಚೆಂದ ಮಾಡ್ಕೊಂಡು ತೆಗಿಯತ್ತೆ. ಚೆಂದ ಇಲ್ದಿರೋದನ್ನ ಇಟ್ಕೊಂಡೇ ಇರಲ್ಲ." ದೋನ್ಕಾ ಸ್ವಲ್ಪ ಯೋಚಿಸಿದಳು. "ತಾಳು. ನಿಂದನ್ನ ನನ್ನದಕ್ಕೆ ಕಳಿಸು. ಮಬ್ಬನ್ನ ತಿಳಿ ಮಾಡೋ ಗುಂಡಿ ಇದೆ."

ಕಳಿಸಿದರು. ಗುಂಡಿ ಒತ್ತಿದರು. ಹೊಸ ಫೋನು ಒಂದು ಗಳಿಗೆ ಯೋಚಿಸಿ, ಹೊಗೆಯ ನಡುವಿನಿಂದ ಒಬ್ಬ ಗಂಡಸನ್ನು ಹೊರಗೆಳೆದು ನಿಲ್ಲಿಸಿತು. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ, ಪಾಪ. ಒತ್ತಾದ ಹುಬ್ಬು, ಸಾಲಾದ ಹಲ್ಲು. ಅವನು ಯಾರೆಂದು ಹೆಂಡತಿಗೂ ತಿಳಿಯಲಿಲ್ಲ, ತಂಗಿಗೂ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೋನ್ಕಾಗೆ ನಗು ಬಂತು, ವೆಲಿಕಾಗೂ ಬಂತು, ಆಮೇಲೆ ಇಬ್ಬರೂ ಅತ್ತರು.

ಮರುದಿನ ಇಬ್ಬರೂ ಎರಡೂ ಫೋನು ಹಿಡಿದು ಕಲ್ಲು ಕೆತ್ತುವ ಮಿಂಚೋನ ಹತ್ತಿರ ಹೋದರು. ಮಿಂಚೋ ಮೊದಲೆಲ್ಲ ಸೂಜಿ ಹಿಡಿದು ಕೈಯಲ್ಲೇ ಚುಚ್ಚಿ ಮುಖ ಬರೆಯುತ್ತಿದ್ದ. ಈಗ ಕೈ ನಡುಗುತ್ತದೆಂದು ಯಂತ್ರ ತರಿಸಿದ್ದ. ಹಳೆಯ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ವೆಲಿಕಾಳ ಕೈಗೇ ಕೊಟ್ಟ.

"ಆಗಲ್ಲಕ್ಕ. ಹೊಗೆ ಕೆತ್ತಕ್ಕೆ ನಂಗ್ ಬರಲ್ಲ."

"ಹಂಗಾದ್ರೆ ಇವಳ ಫೋಟೋನೇ ತಗೊ. ರೆಪ್ಪೆ ಒಂದನ್ನ ಇಳಿಸ್ಬಿಡು. ಅಷ್ಟು ಮಾಡಿದ್ರೆ ಸಾಕು."

"ಅದೇನ್ ಮಹಾ, ಕಂಪ್ಯೂಟರಲ್ಲಿ ಎಳೆದ್ರೆ ಇಳಿಯತ್ತೆ. ನೀನ್ ಹೇಳು, ನಾನ್ ಎಳೀತೀನಿ."

ಪರದೆಯ ಮೇಲೆ ಸ್ತಾಮೆನನ ಮುಖ ಕಿಟಕಿಯಷ್ಟು ದೊಡ್ಡದಾಗಿ ಬಂತು. ಮಿಂಚೋ ಒಂದು ರೆಪ್ಪೆಯನ್ನು ಕೆಳಗೆಳೆದ. ಸ್ತಾಮೆನ್ ಕುಡಿದವನ ಹಾಗೆ ಕಂಡ. "ಅಷ್ಟಲ್ಲ," ಎಂದಳು ವೆಲಿಕಾ. ಮೇಲೆತ್ತಿದ. ನಿದ್ದೆಗೆಟ್ಟವನ ಹಾಗೆ ಕಂಡ. "ಹಾಗಲ್ಲ. ಮೂಗಿನ ಕಡೆ ಕಮ್ಮಿ, ಆಚೆ ಕಡೆ ಜಾಸ್ತಿ. ಅಲ್ಲ, ಅಲ್ಲ. ಅವನು ನಗುವಾಗ ಅದು... ತಡಿ."

"ಅಕ್ಕ, ಮೊದ್ಲು ಇದು ಹೇಳು. ಇದೇ ಕಣ್ಣು ತಾನೆ? ಎಡಗಣ್ಣು?"

ವೆಲಿಕಾ ಹೌದೆನ್ನಲು ಬಾಯಿ ತೆರೆದಳು. ಎಡಗಣ್ಣು ಅಂದರೆ ಅವನ ಎಡವೋ, ಎದುರು ಕೂತ ತನ್ನ ಎಡವೋ? ಮೊದಮೊದಲು ಅವನನ್ನು ಕಂಡದ್ದೆಲ್ಲ ಬಸ್ಸಿನ ಕನ್ನಡಿಯಲ್ಲಿ. ಆಮೇಲೆ ಊಟದ ಮೇಜಿನ ಆಚೆ ಬದಿಯಲ್ಲಿ. ಮಲಗಿದರೆ ಪಕ್ಕದ ದಿಂಬಿನ ಮೇಲೆ, ಅಲ್ಲಿ ಎರಡೂ ಮುಚ್ಚಿರುತ್ತಿದ್ದವು. ಅವಳು ಎಂದೂ ಎಡ ಬಲ ಎಂದು ನೋಡಿದವಳಲ್ಲ. ಗಂಡನ ಮುಖವನ್ನು ಯಾರು ಹಾಗೆ ನೋಡುತ್ತಾರೆ?

"ದೋನ್ಕಾ, ನೀನ್ ಹೇಳೇ."

ದೋನ್ಕಾ ತಲೆ ತಗ್ಗಿಸಿದಳು. "ನಾನು ಅದನ್ನ ನೋಡ್ಬಾರ್ದು ಅಂತಾನೇ ಬೆಳೆದೋಳು ಅತ್ತಿಗೆ."

ವೆಲಿಕಾ ಹಳೆಯ ಫೋನನ್ನು ಮತ್ತೆ ತೆಗೆದಳು. ಒಂದು ಕಣ್ಣಿನ ಜಾಗದಲ್ಲಿ ಹೊಗೆ, ಇನ್ನೊಂದರ ಜಾಗದಲ್ಲಿ ಕಪ್ಪು ಮಚ್ಚೆ. ಈ ಚಿತ್ರ ನೋಡಿದಾಗಲೆಲ್ಲ ರೆಪ್ಪೆ ಕಂಡಿತ್ತಲ್ಲ? ಕಂಡದ್ದು ಚಿತ್ರದಲ್ಲಿ ಅಲ್ಲವೇ ಅಲ್ಲ, ತನ್ನ ತಲೆಯಲ್ಲಿ ಎಂದು ಅವಳಿಗೆ ಆಗ ಗೊತ್ತಾಯಿತು. ಹಾಗಾದರೆ ತಲೆಯಲ್ಲೇ ಹುಡುಕೋಣ ಎಂದು ಗಟ್ಟಿಯಾಗಿ ಕಣ್ಣು ಮುಚ್ಚಿದಳು.

ಮುಚ್ಚಿದ ಕಣ್ಣೊಳಗೆ ಸ್ತಾಮೆನ್ ತಕ್ಷಣ ಬಂದ. ಬೆಳ್ಳಗೆ, ನುಣ್ಣಗೆ, ಎರಡೂ ಕಣ್ಣು ಬಿಟ್ಟುಕೊಂಡು ಬಂದ. ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ, ಬ್ರೆಡ್ಡು ತರುವಾಗ, ಮೊಂಬತ್ತಿ ಹಚ್ಚಲು ಹೋಗುವಾಗ ದಿನವೂ ಕಂಡವನು ಅವನೇ ತಾನೆ? ಅವನನ್ನು ಆಚೆ ಸರಿಸಿ ಹಿಂದೆ ನಿಂತವನನ್ನು ಕರೆಯಲು ನೋಡಿದಳು. ಕಣ್ಣು ಇನ್ನೂ ಬಿಗಿದಳು. ಬಸ್ಸಿನ ಕನ್ನಡಿ ನೆನಪಾಯಿತು, ಕನ್ನಡಿಯಲ್ಲೂ ಹೊಸಬನೇ ಕೂತಿದ್ದ. ಅಂಗಳದ ಮೆಣಸಿನಕಾಯಿ ಹೊಗೆ ನೆನಪಾಯಿತು, ಅಲ್ಲೂ ಅವನೇ ನಗುತ್ತಿದ್ದ. ಗಂಡ ಸತ್ತ ದಿನವೂ ಅವಳಿಗೆ ಅಷ್ಟು ಭಯವಾಗಿರಲಿಲ್ಲ.

"ಅಕ್ಕ?" ಎಂದ ಮಿಂಚೋ. "ಯಾವ್ ಕಣ್ಣು?"

"ಬಿಡು," ಎಂದಳು. "ಹೇಗಿದೆಯೋ ಹಾಗೇ ಕೆತ್ತು."

ಮಿಂಚೋ ರೆಪ್ಪೆಯನ್ನು ಮೊದಲಿದ್ದಲ್ಲಿಗೆ ತಂದಿಟ್ಟ. ನಿಟ್ಟುಸಿರು ಬಿಟ್ಟು, ಮುಜುಗರದಿಂದ ಟೋಪಿ ಸರಿಮಾಡಿಕೊಂಡು ಕೇಳಿದ, "ಪಕ್ಕದಲ್ಲಿ ನಿಂದೂ ಈಗ್ಲೇ ಕೆತ್ಬಿಡ್ಲಾ? ಆಮೇಲೆ ಕಲ್ಲು ಕೀಳೋದು, ತರೋದು ಕಷ್ಟ."

ಅದು ಅಲ್ಲಿ ಎಲ್ಲರೂ ಮಾಡುವುದೇ. ಗಂಡನ ಕಲ್ಲಿನ ಮೇಲೆ ಹೆಂಡತಿಯ ಮುಖ, ಹೆಸರು, ಹುಟ್ಟಿದ ಇಸವಿ. ಆಮೇಲೆ ಒಂದು ಅಡ್ಡಗೆರೆ, ಅದರ ಮುಂದೆ ಖಾಲಿ. ಬದುಕಿರುವವರು ಭಾನುವಾರ ಭಾನುವಾರ ಹೋಗಿ ತಮ್ಮ ಕಲ್ಲನ್ನು ತಾವೇ ತೊಳೆದು ಬರುತ್ತಾರೆ.

"ಅತ್ತಿಗೆ, ಫೋಟೋ ನಿನ್ ಹಳೇ ಫೋನಲ್ಲೇ ತೆಗೀಲಾ?" ಎಂದಳು ದೋನ್ಕಾ ಮೆಲ್ಲಗೆ. ಅವಳು ಸೋತು ಕೇಳುತ್ತಿದ್ದಳು. "ನಿನ್ನದಾದ್ರೂ ನಿನ್ ಹಾಗೇ ಇರ್ಲಿ."

ವೆಲಿಕಾ ಪರದೆಯ ಮೇಲಿನ ಮುಖವನ್ನೊಮ್ಮೆ ನೋಡಿದಳು. "ಬೇಡ. ನಿಂದ್ರಲ್ಲೇ ತೆಗಿ. ಅವನ ಪಕ್ಕ ನಾನ್ ಹೀಗೆ ನಿಂತ್ರೆ ಯಾರ ಮನೆ ಮುದುಕಿ ಅಂತ ಅವನು ಕೇಳ್ತಾನೆ."

ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ ದೋನ್ಕಾ ತೆಗೆದಳು.

ಕಲ್ಲು ನಿಂತ ದಿನ ಬಿಸಿಲಿತ್ತು. ಪಾದ್ರಿ ಪ್ರಾರ್ಥನೆ ಹೇಳಿ ಹೋದ, ಜನ ಗೋಧಿ ತಿಂದು ಹೋದರು. "ಎಂಥಾ ಜೋಡಿ!" ಎಂದು ಹೊಗಳಿದರು. ಸುಳ್ಳಲ್ಲ, ಕಲ್ಲಿನ ಮೇಲಿನ ಹೆಂಗಸಿಗೆ ಕೆನ್ನೆ ತುಂಬಿತ್ತು, ಕೊರಳ ಸುಕ್ಕು ಹೋಗಿತ್ತು. ಆ ಗಂಡಸಿಗೆ ತಕ್ಕ ಹೆಂಡತಿ. ಅವರಿಬ್ಬರೂ ಎಲ್ಲೋ ಪಟ್ಟಣದಲ್ಲಿ ಸುಖವಾಗಿ ಸಂಸಾರ ಮಾಡಿದವರ ಹಾಗಿದ್ದರು. ಬಸ್ಸಿನಲ್ಲಿ ಜಗಳವಾಡಿ ಮದುವೆಯಾದವರ ಹಾಗಂತೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ವೆಲಿಕಾ ಗಂಡನ ಪಾಲಿನ ವೈನನ್ನು ಗೋರಿಯ ಮಣ್ಣಿಗೆ ಸುರಿದಳು. ಕಲ್ಲಿನ ಹತ್ತಿರ ಹೋಗಿ, ಗಂಡಸಿನ ಒಂದು ಕಣ್ಣಿನ ಮೇಲರ್ಧಕ್ಕೆ ಹೆಬ್ಬೆರಳು ಇಟ್ಟಳು. ಉಸಿರು ಹಿಡಿದು ನೋಡಿದಳು. ಸ್ತಾಮೆನ್ ಅನ್ನಿಸಿತು. ಬೆರಳು ತೆಗೆದು ಇನ್ನೊಂದು ಕಣ್ಣಿನ ಮೇಲಿಟ್ಟಳು. ಆಗಲೂ ಸ್ತಾಮೆನ್ ಅನ್ನಿಸಿತು. ಮತ್ತೆ ಮೊದಲಿನ ಕಣ್ಣಿಗೆ ಬಂದಳು. ಈಗ ಯಾರೂ ಅನ್ನಿಸಲಿಲ್ಲ. ಬಿಸಿಲಿಗೆ ಕಾದ ಕಲ್ಲು ಹೆಬ್ಬೆರಳನ್ನು ಸುಡುತ್ತಿತ್ತು. ಆದರೂ ಅವಳು ತೆಗೆಯಲಿಲ್ಲ.

"ಅತ್ತಿಗೇ, ಬಸ್ಸು ಬಂತು! ಬಾ!" ಎಂದು ಗೇಟಿನಿಂದ ದೋನ್ಕಾ ಕೂಗಿದಳು.

ವೆಲಿಕಾ ಹೆಬ್ಬೆರಳು ತೆಗೆದಳು. ಕಲ್ಲಿನ ಮೇಲಿನ ಗಂಡಸು ಎರಡೂ ಕಣ್ಣು ಬಿಟ್ಟು ಅವಳನ್ನು ನೋಡುತ್ತಿದ್ದ.