ತೊಳೆಯದ ಸೂಜಿ

ಎಮ್ಮೆ ಹಿಂಡಿ ಬಂದ ಸಾವಕ್ಕ ಹಾಸಿಗೆಯಲ್ಲಿದ್ದ ಮಗ ಬಾಳೇಶನಿಗೆ ಅಂಬಲಿ ಕುಡಿಸಿ, ಸೊಸೆ ಕೋಮಲಳ ತೊಡೆಯ ಮೇಲಿನ ಹಸುಗೂಸಿಗೆ ದೃಷ್ಟಿ ತೆಗೆದಳು. ರಾಯಬಾಗದ ಹತ್ತಿರದ ಆ ಊರಲ್ಲಿ ಇಷ್ಟು ಅಕ್ಕರೆಯ ಅತ್ತೆ ಇನ್ನೊಬ್ಬಳಿರಲಿಲ್ಲ. ಕೋಮಲ ಸಿಕ್ಕಿಬಿದ್ದಿದ್ದೇ ಆ ಅಕ್ಕರೆಯಲ್ಲಿ.

ಸಾವಕ್ಕನದು ಕಾಮಣಿ, ಅಂದರೆ ಕಾಮಾಲೆ, ಇಳಿಸುವ ಕೈ. ಕಣ್ಣು ಹಳದಿಯಾದವರು ರವಿವಾರ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಅವಳು ಸೂಜಿಯಿಂದ ಮೊಳಕೈ ಗೀರಿ, ರಕ್ತ ಒಸರಿದಲ್ಲಿ ಸೊಪ್ಪಿನ ರಸ ಸವರುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಅವಳ ಅತ್ತೆಯಿಂದ ಬಂದ ಸೂಜಿ ಅದು. ತೊಳೆದರೆ ಗುಣ ಹೋಗುತ್ತದೆಂದು ಯಾರೂ ಎಂದೂ ತೊಳೆದಿರಲಿಲ್ಲ.

ಬಾಳೇಶ ಒಂದು ಹನಿ ಕುಡಿದವನಲ್ಲ. ಆದರೂ ಹೊಟ್ಟೆ ಬಿಂದಿಗೆಯಂತೆ ಉಬ್ಬಿತ್ತು. "ಕದ್ದು ಕುಡದಿರಬೇಕು ಮಗಾ" ಎಂದು ಊರು ನಗುತ್ತಿತ್ತು.

ಕುಡಿಯದವರ ಲಿವರ್ ಏಕೆ ಕಲ್ಲಾಗುತ್ತದೆಂದು ತಿಳಿಯಲು ಮೆಡಿಕಲ್ ಕಾಲೇಜಿನ ಕಾಜಲ ಮನೆಮನೆಯ ರಕ್ತ ಒಯ್ದಿದ್ದಳು. ಈಗ ಫಲಿತಾಂಶ ಹಿಡಿದು ಮರಳಿ ಬಂದಳು.

"ಆಯಿ, ಸೂಜಿ ಬಿಟ್ಟುಬಿಡ್ರಿ."

"ನನ್ನ ಕೈಯಾಗ ನೂರಾರು ಮಂದಿ ಎದ್ದು ಹೋಗ್ಯಾರ. ನಿಮ್ಮ ಕಾಲೇಜು ಎಷ್ಟು ಮಂದೀನ ಎಬ್ಬಿಸೈತಿ?"

"ಕಾಮಣಿ ಬಾಳ ಮಂದಿಗೆ ತಾನ ಇಳಿತೈತ್ರಿ, ಹೆಸರು ಸೂಜಿಗೆ ಬರತೈತಿ. ಆದ್ರ ಒಬ್ಬರ ರಕ್ತದಾಗಿನ ವೈರಸ್ ಇನ್ನೊಬ್ಬರಿಗೆ ಹೊಕ್ಕು, ವರ್ಷಾನುಗಟ್ಟಲೆ ಸುಮ್ಮನ ಕುಂತು ಲಿವರ್ ತಿಂತೈತಿ. ಗೀರಿಸಿಕೊಂಡವರೊಳಗ ಬಾಳ ಮಂದಿಗೆ ಐತ್ರಿ."

"ಮಾತು ಚಲೋ ಕಲಿಸ್ಯಾರ. ಚಾ ಕುಡದು ಹೋಗ."

ಹಿತ್ತಿಲಲ್ಲಿ ಕಾಜಲ ಕೋಮಲಳಿಗೆ ಉಳಿದದ್ದನ್ನು ಹೇಳಿದಳು. "ನಿಮ್ಮವರಿಗೂ ಸಣ್ಣವರಿದ್ದಾಗ ಆ ಸೂಜಿಯಿಂದನ ಬಂದಿರಬೇಕು. ಕೂಸಿಗೆ ಆ ವೈರಸ್‌ನ ಲಸಿಕೆ ಶುರು ಆಗೇತಿ, ಮುಗದಿಲ್ಲ. ಹಸುಗೂಸಿಗೆ ಹೊಕ್ಕರ ಜೀವಮಾನ ಬಿಡೂದಿಲ್ಲ."

ಕೋಮಲ ಆ ಮಾತನ್ನು ನುಂಗಿಕೊಂಡಳು. ಮಗನ ಕಾಲೊತ್ತುತ್ತ ಕಣ್ಣೀರಿಡುವ ತಾಯಿಗೆ, ಇದು ನಿಮ್ಮ ಕೈಯಿಂದಲೇ ಬಂತು ಎಂದು ಯಾವ ಬಾಯಿಂದ ಹೇಳುವುದು?

ರವಿವಾರ ಬೆಳಗ್ಗೆ ಕೂಸಿನ ಕಣ್ಣು ಹಳದಿಯಾಗಿತ್ತು.

"ಅಂಜಬ್ಯಾಡಬೇ, ನಾ ಅದೇನಿ" ಎಂದು ಸಾವಕ್ಕ ಪಡಸಾಲೆಯಲ್ಲಿ ಸೂಜಿ ಹಿಡಿದು ಕೂತಳು. ಮುಂದೆ ಸಾಲು ಕೂತಿತ್ತು. "ಕೂಸಿನ ಕೊಡ."

"ಬ್ಯಾಡ್ರಿ ಅತ್ತಿ. ದವಾಖಾನಿಗೆ ಒಯ್ತೀನಿ."

"ಮಂದಿ ಮಕ್ಕಳಿಗೆ ನಡೀತೈತಿ, ನಿನ್ನ ಮಗಳಿಗೆ ನಡಿಯೂದಿಲ್ಲೇನ?" ಸಾಲಿನಲ್ಲಿದ್ದ ವಿಠೋಬಾ ಚುಚ್ಚಿದ. ಯಾರೋ ನಕ್ಕರು.

ಕೋಮಲ ಗಂಡನತ್ತ ನೋಡಿದಳು. ಬಾಳೇಶ ಗೋಡೆಯ ಕಡೆ ಹೊರಳಿದ. ಮುಂದೆ ಸೂಜಿ, ಬಾಗಿಲ ತುಂಬ ಜನ.

"ಯಾಕ ಒಲ್ಲಿ? ಹೇಳ" ಎಂದಳು ಸಾವಕ್ಕ. ಕಾಜಲಳ ಮಾತು ನೆನಪಾಗಿ ಹಾಸಿಗೆಯತ್ತ ನೋಡಿದಳು. "ನನ್ನ ಮಗನಿಗೆ ನಾನ ರೋಗ ಹಚ್ಚೀನಂತೀ ಏನ?"

ಇಲ್ಲ ಎಂದರೆ ಕೂಸನ್ನು ಕೊಡಬೇಕು.

"ಹೌದ್ರಿ ಅತ್ತಿ," ಎಂದಳು ಕೋಮಲ. "ನಿಮಗ ಗೊತ್ತಿರಲಿಲ್ಲ. ಈಗ ಗೊತ್ತಾತು."

ಯಾರೂ ನಗಲಿಲ್ಲ. ಕೂಸನ್ನು ಎದೆಗವಚಿ ಅವಳು ಜನರ ನಡುವೆ ದಾರಿ ಮಾಡಿಕೊಂಡು ಅಂಗಳಕ್ಕಿಳಿದಳು. ಸಾವಕ್ಕನ ಸೂಜಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಸಾಲಿನ ಮೊದಲಲ್ಲಿ ಮಗನ ಅಂಗಿಯ ತೋಳು ಮಡಚಿ ಕೂತಿದ್ದ ಹೆಂಗಸು ಮೆಲ್ಲಗೆ ಆ ತೋಳನ್ನು ಕೆಳಗಿಳಿಸಿ, ಗುಂಡಿ ಹಾಕಿ, ಎದ್ದಳು.

"ಕೋಮಲಾ, ನಿಲ್ಲವಾ," ಎಂದಳು, "ನಾನೂ ಬರತೀನಿ."