ಸುಳಿ ನೋಡದೆ ಕೊಂಡ ಸೈಕಲ್ಲು

ಮಳೆ ಹಿಂದಾಗಿ, ಚಳಿ ಇನ್ನೂ ಹತ್ತಿರ ಬಂದಿರದ ನವರಾತ್ರಿಯ ದಿನಗಳು. ಗೋವಿಂದರಾಜನಗರದ ವಠಾರವೊಂದರ ಹಿಂಬದಿ ಮನೆಯಲ್ಲಿ ದುರ್ಗವ್ವ ಬೆಳಕು ಹರಿಯುವ ಮುಂಚೆಯೇ ರೊಟ್ಟಿ ಬಡಿಯಲು ಕೂತಿದ್ದಳು. ಅವಳ ಅಂಗೈ ಜೋಳದ ಹಿಟ್ಟಿನ ಮೇಲೆ ಬೀಳುವ ಸದ್ದಿಗೇ ವಠಾರ ಎದ್ದು ಹಲ್ಲುಜ್ಜುತ್ತಿತ್ತು. ಗಂಡ ಗೂಳಪ್ಪ ಹಂಚಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ರೊಟ್ಟಿಗೆ ಒದ್ದೆ ಅರಿವೆ ಸವರಿ, ತಿರುವಿ, ಉಬ್ಬಿದ್ದನ್ನು ತೆಗೆದು ಬುಟ್ಟಿಯಲ್ಲಿ ಒಟ್ಟುತ್ತಿದ್ದ. ಕುಷ್ಟಗಿ ಕಡೆಯಿಂದ ಬಂದು ಮೂರು ವರ್ಷವಾಗಿತ್ತು. ಊರಲ್ಲಿದ್ದಾಗ ಯಾರು ಎತ್ತು ಕೊಳ್ಳಲು ಹೊರಟರೂ ಗೂಳಪ್ಪನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಹಲ್ಲು, ಗೊರಸು, ಶುಭ ಅಶುಭ ಹೇಳುವ ಮೈಕೂದಲ ಸುಳಿ ನೋಡುವುದರಲ್ಲಿ ಅವನ ಕಣ್ಣು ಅಂಥದು. ಬೆಂಗಳೂರಿನಲ್ಲಿ ಆ ಕಣ್ಣಿಗೆ ಕೆಲಸವಿರಲಿಲ್ಲ.

"ನಾಳಿಂದ ನೂರಾ ಐವತ್ತು ರೊಟ್ಟಿ" ಅಂದಳು ದುರ್ಗವ್ವ, ಕೈ ನಿಲ್ಲಿಸದೆ. "ನಡಕೊಂತ ಒಯ್ತಿ ಏನು?"

"ಇವತ್ತ ವಿಜಯದಶಮಿ. ಸೈಕಲ್ ತರತೀನಿ ಅಂದೀನಲ್ಲ."

ಮಾತು ಬಂದಿದ್ದು ಆರ್‌ಪಿಸಿ ಲೇಔಟಿನ ಹುಡುಗಿಯರ ಪೀಜಿಯಿಂದ. ಅದನ್ನು ನಡೆಸುವ ಭುವನೇಶ್ವರಿ ಖಡಕ್ ಹೆಂಗಸು. "ನಮ್ಮಲ್ಲಿ ಅರ್ಧ ಜನ ನಿಮ್ಮ ಕಡೆಯೋರೇ. ಚಪಾತಿ ಕೊಟ್ರೆ ಮುಖ ಸಿಂಡರಿಸ್ತಾರೆ. ಎಂಟು ದಿನ ತಂದ್ಕೊಡಿ, ಬೆಳಗ್ಗೆ ಏಳೂವರೆ ಅಂದ್ರೆ ಏಳೂವರೆ. ಸರಿ ಬಂತೋ, ವರ್ಷಪೂರ್ತಿ ನಿಮ್ದೇ" ಅಂದಿದ್ದಳು. ಆ ಆರ್ಡರು ಗಟ್ಟಿಯಾದರೆ ದುರ್ಗವ್ವ ಮಧ್ಯಾಹ್ನ ಮೂರು ಮನೆಯ ಮುಸುರೆ ತಿಕ್ಕುವುದನ್ನು ಬಿಡಬಹುದಿತ್ತು. ಅವಳ ಮೊಣಕಾಲು ಈಗೀಗ ಏಳುವಾಗೊಮ್ಮೆ ಕೂರುವಾಗೊಮ್ಮೆ ಲಟಕ್ಕೆನ್ನುತ್ತಿತ್ತು. ಅದರ ಸದ್ದು ಗೂಳಪ್ಪನಿಗೆ ರೊಟ್ಟಿಯ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು.

ಸೈಕಲ್ಲಿಗೆ ಅವನು ಹೋದದ್ದು ಕುರುಬರಹಳ್ಳಿಯ ಬೈರಪ್ಪನ ಕೊಟ್ಟಿಗೆಗೆ. ಕುರುಬರಹಳ್ಳಿ ನಿಜಕ್ಕೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿರುವ ಮನೆತನ. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಗಳಾಗಿ, ತಿಂಗಳಿಗೊಮ್ಮೆ ದುಡ್ಡು ತಾನಾಗಿ ಬಂದು ಬೀಳುತ್ತಿದ್ದರೂ ಬೈರಪ್ಪನಿಗೆ ಸುಮ್ಮನೆ ಕೂರುವುದು ಆಗದು. ಟೀಪುಡಿ, ಸೋಪು, ಬಿಸ್ಕತ್ತಿನ ಕಂಪನಿಗಳು ಇಂತಿಷ್ಟು ಪೆಟ್ಟಿಗೆ ಮಾಲು ಎತ್ತಿದ ಅಂಗಡಿಯವರಿಗೆ ಒಂದೊಂದು ಸೈಕಲ್ಲು ಬಿಟ್ಟಿ ಕೊಡುತ್ತವಲ್ಲ, ಮೈತುಂಬ ಕಂಪನಿಯ ಬಣ್ಣ, ನಡುವಿನ ಮೂರು ಕಂಬಿಗಳ ನಡುವೆ ತಗಡಿನ ಜಾಹೀರಾತು, ಆ ಸೈಕಲ್ಲುಗಳನ್ನು ಅವನು ಅಗ್ಗಕ್ಕೆ ಎತ್ತಿಕೊಂಡು ಬರುತ್ತಿದ್ದ. ಅಂಗಡಿಯವರ ಮನೆಮುಂದೆ ಕಾರೇ ನಿಂತಿರುವಾಗ ಅವರಿಗೆ ಸೈಕಲ್ಲು ಯಾತಕ್ಕೆ? ತಂದವನ್ನು ಎತ್ತಿಲ್ಲದ ಕೊಟ್ಟಿಗೆಯಲ್ಲಿ ಗೊಂತಿಗೆ ಸಾಲಾಗಿ ಹಗ್ಗ ಹಾಕಿ ಕಟ್ಟುತ್ತಿದ್ದ.

"ಟೀಪುಡಿ ನಿನ್ನೆ ಹೋಯ್ತು ಕಣಯ್ಯ. ಬಿಸ್ಕತ್ತು ಬೆಳಗ್ಗೆ ಹೋಯ್ತು" ಅಂದ ಬೈರಪ್ಪ. "ಇದೊಂದು ಐತೆ ನೋಡು. ಕಬ್ಬಿಣ ಅಂದ್ರೆ ಕಬ್ಬಿಣ. ನಾಲ್ಕು ಮೂಟೆ ಹೇರಿದ್ರೂ ಮಿಸುಕಲ್ಲ."

ಹಿಂದಿನ ದಿನದ ಆಯುಧಪೂಜೆಯಿಂದ ಕೊಟ್ಟಿಗೆಯ ಸೈಕಲ್ಲುಗಳೆಲ್ಲ ವಿಭೂತಿ ಕುಂಕುಮ ಬಳಿದುಕೊಂಡು, ಚೆಂಡುಹೂವು ಸುತ್ತಿಕೊಂಡು, ಹ್ಯಾಂಡಲಿಗೆ ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದವು. ಗೂಳಪ್ಪ ಆ ಸೈಕಲ್ಲಿಗೆ ಒಂದು ಸುತ್ತು ಬಂದ. ದೂರ ನಿಂತು ಹಿಂದಿನಿಂದ ನೋಡಿದ. ಸೀಟಿನ ಮೇಲೆ ಅಂಗೈಯಿಂದ ಎರಡು ಬಡಿದ. ಪಕ್ಕೆಲುಬು ಮುಟ್ಟಿ ನೋಡುವಂತೆ ಕಡ್ಡಿಗಳನ್ನು ಒಂದೊಂದೇ ಮುಟ್ಟಿದ. ಹಿಂದಿನ ಗಾಲಿ ಎತ್ತಿ ತಿರುಗಿಸಿ ಕಿವಿಗೊಟ್ಟ. ಬೈರಪ್ಪನ ಮುಖ ಅರಳಿತು.

"ನೀನು ದನ ಕಂಡೋನು ಬುಡು!" ಅಂದು ಹೆಗಲ ಟವಲ್ಲನ್ನು ಕೈಮೇಲೆ ಹಾಕಿಕೊಂಡ. ಗೂಳಪ್ಪ ತನ್ನ ಕೈಯನ್ನು ಅದರಡಿ ತೂರಿಸಿದ. ದನದ ಸಂತೆಯಲ್ಲಿ ಗುಟ್ಟಾಗಿ ಬೆಲೆ ಕಟ್ಟುವಂತೆ ಬೆರಳು ಹಿಡಿದು, ಬಿಟ್ಟು, ತಲೆಯಾಡಿಸಿ, ಮತ್ತೆ ಹಿಡಿದು, ಇಬ್ಬರೂ ಎಷ್ಟೋ ವರ್ಷಗಳ ಮೇಲೆ ಅಂಥ ಸುಖದ ವ್ಯಾಪಾರ ಮಾಡಿದರು. ಎದುರು ಮನೆಯ ಮಹಡಿಯಲ್ಲಿ ನಿಂತ ಹುಡುಗನೊಬ್ಬ, ಇವರು ಟವಲ್ಲಿನ ಕೆಳಗೆ ಏನು ಮುಚ್ಚಿಟ್ಟುಕೊಂಡಿದ್ದಾರೆಂದು ಬಗ್ಗಿ ಬಗ್ಗಿ ನೋಡಿದ.

ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಬೈರಪ್ಪ ಅಂದ: "ಎಂಟು ದಿನ ಇಟ್ಕೊಂಡು ಗುಣ ನೋಡು. ಚಾಳಿ ಕಂಡ್ರೆ ತಂದು ಇದೇ ಗೊಂತಿಗೆ ಕಟ್ಟು, ನಿನ್ನ ದುಡ್ಡು ನಿನಗೆ." ಹಾಗಂದವನು ಸ್ಪ್ಯಾನರು ತಂದು ಸೈಕಲ್ಲಿನ ಬೆಲ್ಲು ಬಿಚ್ಚಿಕೊಂಡ. "ತಪ್ಪು ತಿಳೀಬೇಡ. ದನ ಕೊಟ್ರೂ ಕೊರಳ ಗಂಟೆ ನಮ್ಮ ಮನೇಲೇ ಉಳೀಬೇಕು."

"ನಮ್ಮ ಕಡೆನೂ ಹಂಗ ರಿ" ಅಂದ ಗೂಳಪ್ಪ, ಮನಸ್ಸು ತುಂಬಿ. ಬೆಂಗಳೂರಿನಲ್ಲಿ ಪದ್ಧತಿ ಗೊತ್ತಿದ್ದ ಮನುಷ್ಯ ಸಿಕ್ಕಿದ್ದೇ ದೊಡ್ಡದು.

ಮನೆಗೆ ತಂದಾಗ ದುರ್ಗವ್ವ ಆರತಿ ಎತ್ತಿ, ಒಂದು ಮಾತು ಖಡಾಖಂಡಿತ ಹೇಳಿದಳು. "ಪೂಜಿ ಮಾಡಿದ ಹೂವು. ತಾನಾಗಿ ಬಾಡಿ ಬೀಳೂತನಕ ಕೈ ಹಚ್ಚಬ್ಯಾಡ."

ನಾಲ್ಕು ದಿನ ಎಲ್ಲವೂ ಸರಾಗ. ಗೂಳಪ್ಪ ರೊಟ್ಟಿಬುಟ್ಟಿ ಹೇರಿಕೊಂಡು, ಬೆಲ್ಲಿಲ್ಲದ್ದರಿಂದ "ಹೋಯ್! ಹಾದಿ, ಹಾದಿ!" ಎಂದು ಕೂಗುತ್ತ ಹೋಗುತ್ತಿದ್ದ. ಡೆಲಿವರಿ ಹುಡುಗರು ಹಿಂದಿನಿಂದ "ಲೇ ಮಗಾ, ಎತ್ತಿನ ಗಾಡಿ ಬಂತು, ಸೈಡ್ ಕೊಡೋ" ಎಂದು ನಗುತ್ತ ದಾರಿ ಬಿಡುತ್ತಿದ್ದರು. ಏಳೂವರೆಗೆ ಎರಡು ನಿಮಿಷ ಮೊದಲೇ ಅವನು ಪೀಜಿಯ ಗೇಟಿನಲ್ಲಿರುತ್ತಿದ್ದ. ಹುಡುಗಿಯರು ರೊಟ್ಟಿ ಮೂಸಿ ನೋಡಿ ಕಣ್ಣು ಮುಚ್ಚುತ್ತಿದ್ದರು. ಭುವನೇಶ್ವರಿ ಮಾತ್ರ ಬೆರಳಲ್ಲಿ ದಿನ ಎಣಿಸುತ್ತಿದ್ದಳು.

ಐದನೆಯ ದಿನ ಬೆಳಗ್ಗೆ ಗೇಟಿನ ಮುಂದೆ ಸ್ಟ್ಯಾಂಡು ಹಾಕಿದ ಅದುರಿಗೆ, ಒಣಗಿ ತರಗಾಗಿದ್ದ ಹೂವಿನ ಸುತ್ತು ಬರ್ರನೆ ಜಾರಿ ನೆಲಕ್ಕೆ ಬಿತ್ತು. ಬಾಗಲಕೋಟೆ ಕಡೆಯ ದಾನಮ್ಮ ಅನ್ನುವ ಹುಡುಗಿ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದಳು.

"ಕಾಕಾ" ಅಂದಳು. "ಇದೇನ್ ಬರದೈತ್ರಿ?"

ಗೂಳಪ್ಪ ಬಗ್ಗಿ ನೋಡಿದ. ಹಳದಿ ತಗಡಿನ ಮೇಲೆ ಮೊಲದಷ್ಟು ದಪ್ಪದ ಇಲಿಯೊಂದು ಅಂಗಾತ ಬಿದ್ದಿತ್ತು. ನಾಲ್ಕೂ ಕಾಲು ಮೇಲೆ, ನಾಲಗೆ ಹೊರಗೆ. ಕೆಂಪಕ್ಷರದಲ್ಲಿ 'ಸಂಹಾರಿ ಇಲಿ ಪಾಷಾಣ'. ಅದರ ಕೆಳಗೆ, ಸರಿಯಾಗಿ ರೊಟ್ಟಿಬುಟ್ಟಿಯ ಕಡೆ ಬಾಣದ ಗುರುತು ಮಾಡಿ, 'ಒಮ್ಮೆ ತಿಂದರೆ ಸಾಕು!'

ಅವನು ಸೈಕಲ್ಲಿನ ಆ ಬದಿಗೆ ಹೋದ. ಅಲ್ಲೂ ಒಂದು ಇಲಿ ಸತ್ತುಬಿದ್ದಿತ್ತು.

ಅಷ್ಟರಲ್ಲಿ ಹನ್ನೆರಡು ಹುಡುಗಿಯರು ಸೇರಿದ್ದರು. ಕೆಲವರು ನಕ್ಕರು, ಒಬ್ಬಳು ಬಾಯಲ್ಲಿದ್ದ ತುತ್ತನ್ನು ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಹಾಗೇ ಇಟ್ಟುಕೊಂಡು ನಿಂತಳು. ಭುವನೇಶ್ವರಿ ಹೊರಬಂದು, ಕನ್ನಡಕ ಏರಿಸಿ, ಎರಡು ಬದಿಯನ್ನೂ ಓದಿದಳು.

"ನಾಲ್ಕು ದಿನದಿಂದ ಇದರ ಮೇಲೇನಾ ತರ್ತಿದ್ದಿದ್ದು?"

"ಹೌದ್ರಿ ಅಕ್ಕಾರ. ಹೂವು ಇತ್ರಿ."

"ರೊಟ್ಟಿ ಬಗ್ಗೆ ನನ್ನ ತಕರಾರಿಲ್ಲ. ಈ ಸೈಕಲ್ ನಾಳೆ ನನ್ನ ಗೇಟ್ ಮುಂದೆ ಕಂಡ್ರೆ ಎಂಟನೇ ದಿನದ ತನಕ ಕಾಯೋದಿಲ್ಲ, ಅಷ್ಟೇ."

ಮನೆಯಲ್ಲಿ ದುರ್ಗವ್ವ ಇಲಿಯನ್ನು ನೋಡಿ ಹಣೆ ಬಡಿದುಕೊಂಡಳು. "ಎತ್ತಿನ ಹಲ್ಲ ಎಣಸಾಕ ಬರ್ತೈತಿ, ನಾಕ ಅಕ್ಷರ ಓದಾಕ ಬರಂಗಿಲ್ಲೇನು ನಿನಗ?"

"ಹೂವು ಮುಟ್ಟಬ್ಯಾಡ ಅಂದಾಕಿ ಯಾರು?"

ಅವಳು ಸುತ್ತಿಗೆ ಹಿಡಿದು ತಗಡು ಕೀಳಲು ಹೋದಳು. ಕಂಪನಿಯವರು ಇಂಥ ಹೆಂಗಸರನ್ನು ಮೊದಲೇ ಕಂಡವರಂತೆ ತಗಡನ್ನು ಕಂಬಿಗೇ ವೆಲ್ಡಿಂಗ್ ಮಾಡಿಸಿದ್ದರು. ಗೂಳಪ್ಪ ಸುಣ್ಣ ಬಳಿದ. ಅದು ಒಣಗಿ ಪದರ ಪದರವಾಗಿ ಉದುರಿ, ಇಲಿಗೆ ತೊನ್ನು ಹತ್ತಿದಂತಾಯಿತು. ಎಣ್ಣೆಬಣ್ಣ ಬಳಿಯೋಣವೆಂದರೆ ಅದರ ವಾಸನೆ ವಾರಗಟ್ಟಲೆ ಹೋಗದು, ಬಿಸಿ ರೊಟ್ಟಿ ಅದನ್ನು ಕುಡಿದುಬಿಡುತ್ತದೆ. ಕೊನೆಗೆ ಗೂಳಪ್ಪ ಸೈಕಲ್ಲನ್ನು ಹತ್ತದೆ, ಕೊರಳು ಹಿಡಿದು ನಡೆಸಿಕೊಂಡೇ ಕುರುಬರಹಳ್ಳಿಗೆ ಹೊರಟ. ವಾಪಸು ಕೊಡುವ ದನದ ಮೇಲೆ ಭಾರ ಹಾಕಬಾರದು.

ಬೈರಪ್ಪ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಏನಯ್ಯ, ಒದೀತದಾ?"

"ಇಲ್ರಿ ಯಜಮಾನ್ರ."

"ಹಾಯಕ್ಕೆ ಬತ್ತದಾ? ಭಾರ ಹೇರಿದ್ರೆ ಮಲಗ್ಬುಡ್ತದಾ?"

"ಇಲ್ರಿ. ಗುಣದಾಗ ಬಂಗಾರ ಐತ್ರಿ. ಸುಳಿ ಕೆಟ್ಟೈತ್ರಿ."

ಬೈರಪ್ಪ ಎಲೆ ಮಡಿಸಿ ಬಾಯಿಗಿಟ್ಟ. "ಸುಳಿ ನೋಡೋದು ಕೊಳ್ಳೋನ ಕೆಲಸ. ಮಾರೋನು ಬೆರಳು ಮಾಡಿ ತೋರಿಸ್ತಾನಾ? ಚಾಳಿ ಇದ್ರೆ ವಾಪಸ್ ಅಂದಿದ್ದೆ. ಸುಳಿಗೆ ಅಂದಿಲ್ಲ."

"ಹೆಂಗ ನೋಡ್ಲಿರಿ? ನೀವು ಹೂವಿನಾಗ ಮುಚ್ಚಿದ್ರಿ."

"ಆಯುಧಪೂಜೆ ದಿನ ಹೂವ ಹಾಕ್ದೆ ಸೌತೆಕಾಯಿ ಹಾಕ್ಲಾ?"

ಗೂಳಪ್ಪ ನಿಧಾನದ ಮನುಷ್ಯ. ಸ್ವಲ್ಪ ಹೊತ್ತು ಕೊಟ್ಟಿಗೆಯ ಕಡೆ ನೋಡಿದ. "ಉಳಿದವಕ್ಕ ಒಂದೊಂದು ಮಾರು ಹೂವು ಹಾಕಿದ್ರಿ. ಇದಕ್ಕ ಮೂರು ಮಾರು ಸುತ್ತಿದ್ರಿ. ಯಾಕ್ರಿ?"

ಬೈರಪ್ಪನಿಗೆ ಅಡಿಕೆ ನೆತ್ತಿಗೆ ಹತ್ತಿತು. ಅವನು ಕೆಮ್ಮು ಮುಗಿಸುವಷ್ಟರಲ್ಲಿ ಹೆಂಡತಿ ಯಶೋದಮ್ಮ ಒಳಗಿಂದ ನೀರಿನ ಚೊಂಬು ಹಿಡಿದು ಬಂದು ನಿಂತಿದ್ದಳು.

"ನಾನೂ ಅವತ್ತೇ ಕೇಳ್ದೆ" ಅಂದಳು. "ಗೌರಮ್ಮಂಗೆ ಅಲಂಕಾರ ಮಾಡ್ದಂಗೆ ಮಾಡ್ತಿದ್ದಾರಲ್ಲ, ಇದರ ಮೇಲೆ ಯಾಕಪ್ಪ ಇಷ್ಟು ಭಕ್ತಿ ಅಂತ. ರೀ, ನಮ್ಮ ಮದುವೆ ವರ್ಷ ಆ ಮಾಗಡಿಯೋನು ಎತ್ತಿನ ಬೆನ್ನಿಗೆ ಅರಿಶಿನ ಮೆತ್ತಿ ಸುಳಿ ಮುಚ್ಚಿ ಮಾರಿದ್ನಲ್ಲ. ಅವನ ಏಳು ತಲೆಮಾರಿಗೂ ಬೈದ್ರಲ್ಲ ನೀವು. ಈಗ ನಿಮ್ಮ ಏಳು ತಲೆಮಾರಿಗೆ ಯಾರು ಬೈಬೇಕು, ನಾನೋ, ಇವ್ರೋ?"

ಬೈರಪ್ಪ ನೀರು ಕುಡಿದ. ಚೊಂಬು ಕೆಳಗಿಡುವ ಹೊತ್ತಿಗೆ ಅವನ ದನಿ ಇಳಿದಿತ್ತು.

"ಬದಲಿ ತಗೊಂಡ್ಹೋಗಪ್ಪ. ಎರಡು ಉಳಿದವೆ."

ಗೂಳಪ್ಪ ಹೋಗಿ ನೋಡಿದ. ಒಂದು ಕಕ್ಕಸು ತೊಳೆಯುವ ನೀರಿನ ಕಂಪನಿಯದು. ಇನ್ನೊಂದರ ತಗಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಓಡುವ ಮನುಷ್ಯನ ಚಿತ್ರ, 'ಮಲಬದ್ಧತೆಗೆ ಒಂದೇ ಚಮಚ'. ಅವನು ಎರಡರ ನಡುವೆ ಬಹಳ ಹೊತ್ತು ನಿಂತು, ವಾಪಸು ಬಂದು ಇಲಿಯ ಪಕ್ಕ ನಿಂತುಕೊಂಡ.

"ಅವಕ್ಕಿಂತ ಇದ ಪಾಡು ಐತಿ ಬಿಡ್ರಿ. ಆದ್ರ ನಾಳೆ ಈ ಸೈಕಲ್ ಅಲ್ಲಿ ಕಾಣಬಾರದ್ರಿ. ಮೂರು ದಿನ ಅಷ್ಟ. ಆಕಿ ಮೊಣಕಾಲು ಹೋಗ್ಯಾವ್ರಿ, ಮುಸುರಿ ತಿಕ್ಕಿ ತಿಕ್ಕಿ."

ಯಶೋದಮ್ಮ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು, ನುಸಿಗುಳಿಗೆಯ ವಾಸನೆ. ಹೊರಬಂದಾಗ ಅವಳ ಕೈಯಲ್ಲಿ ಜೂಲು ಇತ್ತು. ಸಂಕ್ರಾಂತಿಗೆ ಎತ್ತಿನ ಬೆನ್ನಿಗೆ ಹೊದಿಸುತ್ತಿದ್ದ ಕೆಂಪು ಬಟ್ಟೆ, ಅಂಚಿಗೆ ಹಸಿರು ಕುಚ್ಚು, ಮೈತುಂಬ ಸಣ್ಣ ಸಣ್ಣ ಕನ್ನಡಿ.

"ಏ, ಅದು ನಮ್ಮ ಬಸವಂದು!" ಬೈರಪ್ಪ ಎದ್ದುಬಿಟ್ಟ.

"ಬಸವ ಹೋಗಿ ಹದಿನೆಂಟು ವರ್ಷ ಆಯ್ತು. ಟ್ರಂಕಿಗೆ ಹೊದಿಸಿಡಲಾ?" ಅನ್ನುತ್ತ ಅವಳು ಅದನ್ನು ಸೈಕಲ್ಲಿನ ಮೇಲಿನ ಕಂಬಿಗೆ ಹಾಕಿ ಎರಡೂ ಬದಿಗೆ ಇಳಿಬಿಟ್ಟಳು. ಅಳತೆ ತೆಗೆದು ಹೊಲಿದಂತೆ ಕೂತಿತು. ಎರಡು ಇಲಿಗಳೂ ಕಾಣದಾದವು. ಬೈರಪ್ಪ ಬಂದು ಕುಚ್ಚು ಸರಿಮಾಡಿದ. ತಗಡನ್ನು ಬಟ್ಟೆಯ ಮೇಲಿಂದ ಒಮ್ಮೆ ಸವರಿದ. ಆಮೇಲೆ ಯಾರೂ ನೋಡಲಿಲ್ಲವೆಂದುಕೊಂಡು ಕೈ ಹಿಂದೆ ತೆಗೆದುಕೊಂಡ.

ಆರನೆಯ ದಿನ ಪೀಜಿಯ ಗೇಟಿನಲ್ಲಿ ಬಿಸಿಲು ಬಿದ್ದು ಆ ಕನ್ನಡಿಗಳೆಲ್ಲ ಒಟ್ಟಿಗೆ ಮಿಂಚಿದವು. ಹುಡುಗಿಯರು ಫೋನು ಹಿಡಿದು ಓಡಿಬಂದರು. ಏಳನೆಯ ದಿನ ಪಕ್ಕದ ಪೀಜಿಯವರೂ ಬಂದರು. "ಕಾಕಾ, ನಿಮ್ಮ ಸೈಕಲ್ಲಿಗೆ ಕೊಂಬು ಒಂದು ಕಡಿಮಿ ಆತು ನೋಡ್ರಿ" ಅಂದಳು ದಾನಮ್ಮ. ಭುವನೇಶ್ವರಿ ಮಾತ್ರ ಎರಡು ದಿನವೂ ಬಾಗಿಲಲ್ಲಿ ಕೈಕಟ್ಟಿ ನಿಂತು ಜೂಲನ್ನೇ ನೋಡುತ್ತಿದ್ದಳು.

ಎಂಟನೆಯ ದಿನ ಹುಡುಗಿಯರೆಲ್ಲ ಡಬ್ಬಿ ಕಟ್ಟಿಕೊಂಡು ಹೋದ ಮೇಲೆ ಅವಳು ಗೇಟಿನ ಹೊರಗೆ ಬಂದಳು. ಬಗ್ಗಿ ಜೂಲಿನ ಅಂಚನ್ನು ಎತ್ತಿದಳು. ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದ ಗೂಳಪ್ಪ ನೆಟ್ಟಗೆ ನಿಂತ.

"ಅದೇ ಸೈಕಲ್ಲು" ಅಂದಳು.

"ಅದ ರಿ" ಅಂದ. ಸುಳ್ಳು ಹೇಳಲು ಜಾಗವಿರಲಿಲ್ಲ.

ಅವಳು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಇದು ನಿಜವಾಗ್ಲೂ ಕೆಲಸ ಮಾಡುತ್ತಾ?"

"ಭಾಳ ಚಲೋ ಐತ್ರಿ, ನಾಕು ಮೂಟಿ ಹೇರಿದ್ರೂ..."

"ಸೈಕಲ್ ಅಲ್ಲಾ ರೀ! ಮೆತ್ತಗೆ ಮಾತಾಡಿ. ಪಾಷಾಣ. ಸ್ಟೋರ್ ರೂಮಲ್ಲಿ ಎರಡು ಸೇರ್ಕೊಂಡಿವೆ, ಇಷ್ಟಿಷ್ಟು ದಪ್ಪ. ಹುಡುಗೀರಿಗೆ ಗೊತ್ತಾದ್ರೆ ನಾಳೇನೇ ಗಂಟುಮೂಟೆ ಕಟ್ತಾರೆ. ಅದು ಎಲ್ಲಿ ಸಿಗುತ್ತೆ?"

ಗೂಳಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡ. ಎತ್ತಿನ ವ್ಯಾಪಾರದಲ್ಲಿ ಕಲಿತ ಒಂದು ವಿದ್ಯೆ ಅವನಿಗಿತ್ತು. ಎದುರಿನವರಿಗೆ ಅವಸರವಿದ್ದಾಗ ತಾನು ಸುಮ್ಮನಿರುವುದು. ಸುಮ್ಮನಿದ್ದ.

"ಸರಿ, ಸರಿ" ಅಂದಳು ಭುವನೇಶ್ವರಿ. "ಹುಡುಗೀರು ಮೊನ್ನೇನೇ ಒಪ್ಪಿದಾರೆ. ನಾಳೆಯಿಂದ ನೂರೈವತ್ತಲ್ಲ, ಇನ್ನೂರು ತನ್ನಿ. ವರ್ಷಪೂರ್ತಿ. ಆದ್ರೆ ಪಾಷಾಣ ರೊಟ್ಟಿ ಜೊತೆ ತರ್ಬೇಡಿ ಮತ್ತೆ!"

"ಏ, ಛೆ ಛೆ. ಕುರುಬರಹಳ್ಳಿಯೊಳಗ ಅಂಗಡಿ ಐತಿ, ಕೇಳಿ ಹೇಳ್ತೀನ್ರಿ."

ಅವತ್ತು ಸಂಜೆ, ಹೊತ್ತು ಮುಳುಗುವ ಮೊದಲು, ಗೂಳಪ್ಪ ಬೈರಪ್ಪನ ಜಗುಲಿಗೆ ಬಂದ. ದುರ್ಗವ್ವ ಕಟ್ಟಿಕೊಟ್ಟ ಹತ್ತು ರೊಟ್ಟಿ, ಶೇಂಗಾ ಚಟ್ನಿ ಯಶೋದಮ್ಮನ ಕೈಗಿಟ್ಟ. ದುರ್ಗವ್ವ ಆ ಮಧ್ಯಾಹ್ನವೇ ಮುಸುರೆಯ ಮೂರು ಮನೆಗೂ ಹೋಗಿ, ನಾಳೆಯಿಂದ ಬರುವುದಿಲ್ಲವೆಂದು ಹೇಳಿ ಬಂದಿದ್ದಳು.

"ಎಂಟು ದಿನ ಆತ್ರಿ ಯಜಮಾನ್ರ. ಎತ್ತು ನಮಗ ಒಗ್ಗಿತ್ರಿ" ಅಂದು ಜೂಲು ಬಿಚ್ಚಲು ಬಗ್ಗಿದ.

"ಇರ್ಲಿ, ಇರ್ಲಿ" ಅಂದ ಬೈರಪ್ಪ. ಎಲ್ಲೋ ನೋಡುತ್ತ ಅಂದ. "ಎರವಲು ಅಂತ ಇಟ್ಕೊ. ಸಂಕ್ರಾಂತಿಗೆ ತಂದ್ಕೊಡು, ಕಿಚ್ಚು ಹಾಯಿಸ್ಬೇಕು."

"ಯಾವುದನ್ರಿ? ದನ ಎಲ್ಲಿ ಅದಾವು?"

ಬೈರಪ್ಪ ಕೊಟ್ಟಿಗೆಯ ಕಡೆ ನೋಡಿದ. ಕಕ್ಕಸಿನ ನೀರೂ ಮಲಬದ್ಧತೆಯೂ ಅಕ್ಕಪಕ್ಕ ಹಗ್ಗದಲ್ಲಿ ನಿಂತಿದ್ದವು.

"ಅಷ್ಟೊತ್ತಿಗೆ ಯಾವುದು ಉಳ್ಕೊಂಡಿರ್ತದೋ ಅದನ್ನ."

"ಟೈರ್ ಸುಡ್ತಾವಲ್ರಿ."

"ಬೇಗ ಓಡಿಸಿದ್ರೆ ಸುಡಲ್ಲ."

ಗೂಳಪ್ಪ ಅದನ್ನು ಯೋಚಿಸಿ ನೋಡಿ, ಹೌದೆನ್ನಿಸಿ ತಲೆಯಾಡಿಸಿದ. ಹೊರಡುವಾಗ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದ ಬೆಲ್ಲು ಅವನ ಕಣ್ಣಿಗೆ ಬಿತ್ತು.

"ಅದನ್ನರ ಕೊಡ್ರಲ್ಲ ಮತ್ತ. ಕೂಗಿ ಕೂಗಿ ಗಂಟಲ ಹೋಗೈತಿ."

"ಗಂಟೆ ಕೊಡಲ್ಲ ಕಣಯ್ಯ" ಅಂದ ಬೈರಪ್ಪ. "ಪದ್ಧತಿ ಅಂದ್ರೆ ಪದ್ಧತಿ."

ಗೂಳಪ್ಪ ಸೈಕಲ್ಲು ಹತ್ತಿದ. ಮಾಗಡಿ ರಸ್ತೆಯ ತನಕ ಅವನ "ಹೋಯ್, ಹಾದಿ, ಹಾದಿ!" ಕೇಳುತ್ತಲೇ ಇತ್ತು.