ಭಾವನ ಮಾತ್ರೆ, ಭಾವನ ಕನ್ನಡಕ

ಕನ್ನಡಕದಂಗಡಿಯ ಯಜಮಾನನಿಗೆ ಒಂದು ಚಟ. ಯಾರಾದರೂ ಅಣ್ಣನದೋ ಅತ್ತೆಯದೋ ಕನ್ನಡಕ ಏರಿಸಿಕೊಂಡು ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, "ಸ್ವಾಮೀ, ಮೂಗು ಯಾರದ್ದನ್ನಾದ್ರೂ ಹೊರುತ್ತೆ, ಕಣ್ಣು ಒಪ್ಪಬೇಕಲ್ಲ! ಮೊದಲು ಪರೀಕ್ಷೆ, ಆಮೇಲೆ ಗಾಜು," ಎಂದು ಮೂಗಿನಲ್ಲೇ ರಾಗ ಎಳೆಯುತ್ತಿದ್ದ. ಹೊಸ ಕನ್ನಡಕ ಹಾಕಿಕೊಂಡು ತೂರಾಡುವವರಿಗೆ ಇನ್ನೊಂದು ರಾಗ: "ಒಂದು ವಾರ ತಲೆ ತಿರುಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ." ಎರಡೂ ಅವನ ಹೆಂಡತಿಗೆ ಬಾಯಿಪಾಠ.

ಅಂಥವನ ಹೊಟ್ಟೆಯಲ್ಲಿ ಒಂದು ಗಡ್ಡೆ ಕಾಣಿಸಿತು. ಡಾಕ್ಟರಮ್ಮ ಅದರ ಚೂರು ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. "ಯಾವ ಜೀನ್ ಕೆಟ್ಟು ಇದು ಬೆಳೀತಿದೆ ಅಂತ ಗೊತ್ತಾಗ್ಲಿ. ಅದಕ್ಕೆ ತಾಗೋ ಮಾತ್ರೇನೇ ಕೊಡೋಣ. ಎರಡು ವಾರ ತಡ್ಕೊಳ್ಳಿ."

ಎರಡು ವಾರ! ಅವನಿಗೆ ಎರಡು ದಿನಕ್ಕೇ ಅನ್ನ ಸೇರಲಿಲ್ಲ. ಹೆಂಡತಿಯ ಅಣ್ಣನಿಗೂ ಹೋದ ವರ್ಷ ಇದೇ ಹೆಸರಿನ ಗಡ್ಡೆ. ದಿನಕ್ಕೊಂದು ಮಾತ್ರೆ ನುಂಗಿ ಈಗ ಗುಂಡುಕಲ್ಲಿನ ಹಾಗಿದ್ದ. ಅವನನ್ನು ನೆನೆದರೆ ಹೊಟ್ಟೆಕಿಚ್ಚು; ಇರುವ ಹೊಟ್ಟೆನೋವಿನ ಜೊತೆಗೆ ಅದೊಂದು.

ಭಾನುವಾರ ಭಾವ ಬಂದ. ಹೆಂಡತಿ ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಹತ್ತು ಮಾತ್ರೆಗಳ ಹಾಳೆಯೊಂದು ಕೈ ಬದಲಾಯಿಸಿತ್ತು.

"ಏನ್ರೀ ಅದು?"

"ಭಾವನ ಮಾತ್ರೆ ಕಣೇ. ಅವರ್ದೂ ಗಡ್ಡೆ, ನಂದೂ ಗಡ್ಡೆ. ಕಾಯ್ತಾ ಕೂತ್ರೆ ಇದು ಬೆಳೆಯಲ್ವಾ?" ಅವನು ಹಾಳೆಯನ್ನು ಎದೆಗವಚಿಕೊಂಡ.

ಆಕೆ ಗಂಡನ ಕನ್ನಡಕ ತೆಗೆದಳು, ಅಣ್ಣನ ದಪ್ಪಗಾಜನ್ನು ಕಿತ್ತು ಅವನ ಮೂಗಿಗೆ ಏರಿಸಿದಳು. "ಓದ್ರಿ, ಹಾಳೆ ಮೇಲೆ ಏನಿದೆ?"

"ಏನೋ... ಇರುವೆ ಹರಿದಾಡ್ದಂಗಿದೆ."

"ಯಾಕ್ರೀ? ಅವನ್ದೂ ಕಣ್ಣು, ನಿಮ್ದೂ ಕಣ್ಣು!" ಎಂದವಳು ಸೊಂಟದ ಮೇಲೆ ಕೈಯಿಟ್ಟು, ಥೇಟ್ ಗಂಡನ ಮೂಗುದನಿ ತೆಗೆದಳು. "ಸ್ವಾಮೀ, ಮೊದಲು ಪರೀಕ್ಷೆ, ಆಮೇಲೆ ಗಾಜು!"

"ಅಮ್ಮಾ ತಾಯಿ, ನನ್ನ ಕನ್ನಡಕ ಕೊಡೇ," ಎಂದು ಭಾವ, ಬಾಗಿಲ ಹಿಂದೆ ತೂಗಾಡುತ್ತಿದ್ದ ಅಂಗಿಯನ್ನೇ ತಂಗಿಯೆಂದುಕೊಂಡು ಕೈಮುಗಿದ.

ಮೂವರೂ ನಕ್ಕರು. ಆದರೂ ಹಾಳೆ ಹಿಂದಿರುಗಿಸುವಾಗ ಗಂಡನ ಬೆರಳು ಸುಲಭಕ್ಕೆ ಬಿಡಲಿಲ್ಲ. ಹೆಂಡತಿ ಒಂದೊಂದಾಗಿ ಬಿಡಿಸಿದಳು.

ವರದಿ ಬಂತು. ಹೆಂಡತಿ ಅಣ್ಣನ ಮಾತ್ರೆಯ ಕತೆಯನ್ನೂ ಡಾಕ್ಟರಮ್ಮನ ಮುಂದೆ ಬಿಚ್ಚಿದಳು. "ನಿಮ್ಮ ಗಡ್ಡೇಲಿ ಕೆಟ್ಟಿರೋ ಜೀನೇ ಬೇರೆ," ಎಂದರು ಡಾಕ್ಟರಮ್ಮ. "ನಿಮ್ಮ ಭಾವನ ಮಾತ್ರೆ ಇದರ ಕೂದಲೂ ಕೊಂಕಿಸ್ತಿರಲಿಲ್ಲ. ಇದಕ್ಕೆ ತಾಗೋದು ಇನ್ನೊಂದಿದೆ, ಬರ್ಕೊಡ್ತೀನಿ."

ಮರುದಿನ ಬೆಳಿಗ್ಗೆ ಹೊಸ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅದನ್ನೇ ದಿಟ್ಟಿಸುತ್ತ ಕೂತ.

"ತಲೆ ತಿರುಗ್ತಿದೆ ಕಣೇ."

"ಇನ್ನೂ ನುಂಗೇ ಇಲ್ವಲ್ರೀ!" ನೀರಿನ ಲೋಟ ಚಾಚಿ ಆಕೆ ಮೂಗಿನಲ್ಲಿ ರಾಗ ಎಳೆದಳು. "ಒಂದು ವಾರ ಹಾಗೇ ಸ್ವಾಮೀ, ಆಮೇಲೆ ಅಭ್ಯಾಸ ಆಗುತ್ತೆ."

ನಗಲೆಂದು ಅವನು ಬಾಯಿ ತೆರೆದ. ಆಕೆ ಅಷ್ಟಕ್ಕೇ ಕಾದಿದ್ದಳು; ಮಾತ್ರೆ ಒಳಗೆ ಹೋಯಿತು.